ಅಡ್ಡದಾರಿ ಬೇರೆ, ಒಳದಾರಿ ಬೇರೆ

ಶಾರ್ಟ್‌ಕಟ್ ಅನ್ನೋದಕ್ಕೆ ಕನ್ನಡದಲ್ಲಿ ಎರಡು ಪದ ಇವೆ. ಒಂದು ಅಡ್ಡದಾರಿ, ಇನ್ನೊಂದು ಒಳದಾರಿ. 'ಹುಡುಗ ಅಡ್ಡದಾರಿ ಹಿಡಿದ' ಅಂದರೆ ಅದನ್ನು ಯಾರೂ ಹೊಗಳಿಕೆ ಅಂದುಕೊಳ್ಳೋದಿಲ್ಲ. ಒಳದಾರಿಗೆ ಆ ಕೆಟ್ಟ ಹೆಸರಿಲ್ಲ. ಕೊಡಗಿನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಟಾರು ರಸ್ತೆ ಗುಡ್ಡವನ್ನು ಸುತ್ತಿ ಸುತ್ತಿ ಮೂರು ಕಿಲೋಮೀಟರ್ ಹೋಗುವ ಜಾಗಕ್ಕೆ, ಕಾಫಿ ತೋಟದ ನಡುವಿನ ಒಳದಾರಿ ಹದಿನೈದು ನಿಮಿಷದಲ್ಲಿ ತಲುಪಿಸಿಬಿಡುತ್ತದೆ. ಒಂದೇ ಷರತ್ತು, ತೊರೆ ಎಲ್ಲಿ ದಾಟಬೇಕು, ಯಾವ ಮರದ ಹತ್ತಿರ ಎಡಕ್ಕೆ ತಿರುಗಬೇಕು ಅಂತ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದೆ ನುಗ್ಗಿದರೆ ಯಾರದ್ದೋ ಬೇಲಿಯ ಮುಂದೆ, ಯಾರದ್ದೋ ನಾಯಿಯ ಎದುರು ನಿಂತಿರ್ತೀರಿ.

ಮನಸ್ಸಿನಲ್ಲೇ ಸಂಖ್ಯೆಗಳ ವರ್ಗ ಮಾಡುವ ಉಪಾಯಗಳಿವೆಯಲ್ಲ, ಅವು ಈ ಎರಡರಲ್ಲಿ ಯಾವುದು? ಪ್ರಶ್ನೆ ಸಣ್ಣದು ಅನ್ನಿಸಬಹುದು. ನನಗೆ ಅದು ಕ್ಯಾಂಪಸ್ ಪ್ಲೇಸ್‌ಮೆಂಟಿನ ಆಪ್ಟಿಟ್ಯೂಡ್ ಟೆಸ್ಟಿಗಿಂತ ದೊಡ್ಡದಾಗಿ ಕಾಣುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮಡಿಕೇರಿಯಲ್ಲಿರುವ ನನ್ನ ಅಕ್ಕನ ಮಗಳು ಆರನೇ ಕ್ಲಾಸು. ಸಂಜೆ ಹೊತ್ತು 'ಸ್ಪೀಡ್ ಮ್ಯಾಥ್ಸ್' ಕ್ಲಾಸಿಗೆ ಹೋಗುತ್ತಾಳೆ. ಮೂವತ್ತೈದರ ವರ್ಗ ಎಷ್ಟೇ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ 1225 ಅನ್ನುತ್ತಾಳೆ. ಅರವತ್ತೈದು? 4225. ಹೇಗೆ ಅಂತ ಕೇಳಿದರೆ ಅದಕ್ಕೂ ಉತ್ತರ ಸಿದ್ಧ. ಐದರಲ್ಲಿ ಮುಗಿಯುವ ಸಂಖ್ಯೆಯಾದರೆ ಐದನ್ನು ಬಿಟ್ಟು ಮುಂದಿನ ಅಂಕಿ ತಗೋ, ಅದನ್ನು ಅದಕ್ಕಿಂತ ಒಂದು ಹೆಚ್ಚಿನದರಿಂದ ಗುಣಿಸು, ಪಕ್ಕದಲ್ಲಿ 25 ಬರಿ. ಮೂರು ನಾಲ್ಕಲೆ ಹನ್ನೆರಡು, ಪಕ್ಕದಲ್ಲಿ ಇಪ್ಪತ್ತೈದು. ಸರಿ, ಮೂವತ್ತಾರರ ವರ್ಗ? ಅವಳು ಪೆನ್ಸಿಲ್ ಹುಡುಕಿದಳು. "ಐದರದ್ದು ಯಾಕೆ ಹಾಗೆ ಬರುತ್ತೆ?" ಅಂದೆ. "ಹಾಗೇ ಹೇಳ್ಕೊಟ್ಟಿದ್ದಾರೆ ಮಾವ" ಅಂದಳು.

ಅದರಲ್ಲಿ ಅವಳ ತಪ್ಪೇನೂ ಇಲ್ಲ. ಕ್ಲಾಸಿನವರು ಅವಳ ಕೈಗೆ ಉತ್ತರ ತರುವ ಒಂದು ಗುಂಡಿ ಕೊಟ್ಟಿದ್ದರು, ಗುಂಡಿ ಒತ್ತಿದರೆ ಒಳಗೆ ಏನಾಗುತ್ತದೆ ಅಂತ ಹೇಳಿರಲಿಲ್ಲ. ಕೋಲೆಬಸವ ತಲೆಯಾಡಿಸಿದ ಹಾಗೆ, ಪ್ರಶ್ನೆ ಬಂದ ಕೂಡಲೇ ಉತ್ತರ ಬರುತ್ತಿತ್ತು.

ಒಳಗೆ ಏನಿದೆ ಅಂತ ನೋಡೋದು ಕಷ್ಟವೇನಲ್ಲ. ನಾನು ಅವಳಿಗೆ ನಮ್ಮ ಮನೆಮುಂದಿನ ಕಣದ ಚಿತ್ರ ಬರೆದೆ, ಕಾಫಿ ಒಣಗಿಸುವ ಕಣ. ಉದ್ದ 35 ಅಡಿ, ಅಗಲ 35 ಅಡಿ ಅಂತ ಇಟ್ಕೊ. ಬಲಗಡೆ ಐದಡಿ ಅಗಲದ ಒಂದು ಪಟ್ಟಿ ಕತ್ತರಿಸು. ಉಳಿದದ್ದು 30 ಅಡಿ ಅಗಲ, 35 ಅಡಿ ಉದ್ದ. ಕತ್ತರಿಸಿದ ಪಟ್ಟಿಯಲ್ಲಿ 30 ಅಡಿ ಉದ್ದದ ತುಂಡನ್ನು ಅಡ್ಡ ಮಲಗಿಸಿ ಮೇಲ್ಗಡೆ ಜೋಡಿಸು. ಈಗ 30 ಅಡಿ ಅಗಲ, 40 ಅಡಿ ಉದ್ದದ ಕಣ ಆಯ್ತು, ಅಂದರೆ 1200 ಚದರಡಿ. ಪಟ್ಟಿಯಲ್ಲಿ ಉಳಿದದ್ದು ಐದಡಿಗೆ ಐದಡಿಯ ಒಂದು ಚೂರು, ಅದು 25. ಎರಡೂ ಸೇರಿ 1225.

ಅವಳು ಚಿತ್ರವನ್ನು ಒಂದು ನಿಮಿಷ ದಿಟ್ಟಿಸಿದಳು. ಆಮೇಲೆ, "ಹಾಗಾದ್ರೆ ಮೂವತ್ತಾರಕ್ಕೆ ನಾಲ್ಕಡಿ ಕತ್ತರಿಸಿದ್ರೆ ಆಗಲ್ವಾ ಮಾವ?" ಅಂದಳು. ಆಗುತ್ತದೆ. 32ನ್ನು 40ರಿಂದ ಗುಣಿಸಿದರೆ 1280, ಉಳಿದ ಚೂರು ನಾಲ್ಕರ ವರ್ಗ 16, ಒಟ್ಟು 1296. ಆಮೇಲೆ ಅವಳನ್ನು ಹಿಡಿಯೋಕೆ ಆಗಲಿಲ್ಲ. 47ಕ್ಕೆ 44 ಮತ್ತು 50, ಮೇಲೆ 9, ಅಂದರೆ 2209. 98ಕ್ಕೆ 96 ಮತ್ತು 100, ಮೇಲೆ 4, ಅಂದರೆ 9604. ಐದಕ್ಕೊಂದು, ನೂರರ ಹತ್ತಿರಕ್ಕೊಂದು, ಐವತ್ತರ ಹತ್ತಿರಕ್ಕೊಂದು ಅಂತ ಬೇರೆ ಬೇರೆಯಾಗಿ ಕಂಠಪಾಠ ಮಾಡಿದ್ದ ಸೂತ್ರಗಳೆಲ್ಲ ಒಂದೇ ಮನೆಯ ಮಕ್ಕಳು ಅಂತ ಗೊತ್ತಾಯ್ತು. ಒಂದು ಸಂಖ್ಯೆಯಿಂದ ಒಂದಷ್ಟು ಕಳೆ, ಅಷ್ಟನ್ನೇ ಕೂಡು, ಎರಡನ್ನೂ ಗುಣಿಸು, ಕಳೆದು ಕೂಡಿದ್ದರ ವರ್ಗವನ್ನು ಸೇರಿಸು. ಇಷ್ಟೇ.

ಈ ಮಾತು ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ 'ಗಣಿತಸಾರಸಂಗ್ರಹ' ಬರೆದ. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ವರ್ಗ ಕಂಡುಹಿಡಿಯೋಕೆ ಮಹಾವೀರ ಹೇಳುವ ದಾರಿಗಳಲ್ಲಿ ಇದೂ ಒಂದು. ಇಷ್ಟಬಂದ ಒಂದು ಸಂಖ್ಯೆಯನ್ನು ಕಳೆದು, ಕೂಡಿ, ಗುಣಿಸಿ, ಅದರ ವರ್ಗ ಸೇರಿಸೋದು. ಇನ್ನೊಂದು ದಾರಿ ಇನ್ನೂ ಸೊಗಸಾಗಿದೆ. ಒಂದರಿಂದ ಶುರುಮಾಡಿ ಬೆಸಸಂಖ್ಯೆಗಳನ್ನು ಸಾಲಾಗಿ ಕೂಡುತ್ತಾ ಹೋಗು. 1, 3, 5, 7 ಕೂಡಿದರೆ 16, ನಾಲ್ಕರ ವರ್ಗ. ಇಪ್ಪತ್ತೈದರ ವರ್ಗ 625 ಗೊತ್ತಿದ್ದರೆ ಅದಕ್ಕೆ ಮುಂದಿನ ಬೆಸಸಂಖ್ಯೆ 51 ಸೇರಿಸು, ಇಪ್ಪತ್ತಾರರ ವರ್ಗ 676 ಬಂತು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರ ಗಣಿತ' ಬರೆದ. ಸಂಸ್ಕೃತ ಬಾರದವನಿಗೂ ಲೆಕ್ಕದ ದಾರಿ ಕಾಣುವಂತಾಯ್ತು. ನನ್ನ ದೃಷ್ಟಿಯಲ್ಲಿ ಅದು ಗಣಿತದ ಕೆಲಸದಷ್ಟೇ ನ್ಯಾಯದ ಕೆಲಸ ಕೂಡ.

ಇದೇ ಐದರ ಉಪಾಯವನ್ನು ಈಗ ಹೆಚ್ಚಾಗಿ ಕಲಿಸೋದು 'ವೇದಗಣಿತ' ಅನ್ನೋ ಹೆಸರಲ್ಲಿ. ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರ ಪುಸ್ತಕ ಅವರ ಕಾಲಾನಂತರ, 1965ರಲ್ಲಿ ಅಚ್ಚಾಯಿತು. ಅದರಲ್ಲಿರುವ ಸೂತ್ರಗಳು ಅಥರ್ವವೇದದ ತಿಳಿದಿರುವ ಪಾಠಗಳಲ್ಲಿ ಸಿಕ್ಕಿಲ್ಲ. ಆ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ನನಗೆ ಬೇಕಾದದ್ದು ಇಷ್ಟು: 'ಇದು ಯಾಕೆ ಸರಿ?' ಅನ್ನೋ ಪ್ರಶ್ನೆಗೆ 'ಇದು ಇಂಥವರು ಹೇಳಿದ್ದು' ಅನ್ನೋದು ಉತ್ತರ ಆಗೋದಿಲ್ಲ. ಹೇಳಿದ್ದು ವೇದವಾಗಲಿ, ಮಹಾವೀರನಾಗಲಿ, ಗೂಗಲ್ ಆಗಲಿ. ಕಣದ ಚಿತ್ರಕ್ಕೆ ಯಾರ ಹೆಸರೂ ಬೇಕಿಲ್ಲ. ಆರನೇ ಕ್ಲಾಸಿನ ಹುಡುಗಿ ಕತ್ತರಿ ಹಿಡಿದು ತಾನೇ ತಾಳೆ ನೋಡಬಹುದು.

"ಆಯ್ತು ಮಾರಾಯ, ಫೋನಿನಲ್ಲಿ ಕ್ಯಾಲ್ಕುಲೇಟರ್ ಇದೆಯಲ್ಲ, ಇದೆಲ್ಲ ಎಂತಕ್ಕೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರೀ ವೇಗಕ್ಕೆ ಅಂದರೆ ಬೇಕಾಗಿಲ್ಲ. ಬೆಂಗಳೂರಿನ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅದೊಂದು ವಿಸ್ಮಯ, ನಮಗೆ ಅದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ನಿಮ್ಮ ಜೇಬಿನಲ್ಲಿರುವ ಫೋನ್ ಈಗ ಅದಕ್ಕಿಂತ ವೇಗ. ವೇಗವೇ ಗುರಿಯಾಗಿದ್ದರೆ ಆಟ ಯಾವತ್ತೋ ಮುಗಿದಿದೆ.

ನನ್ನ ಪ್ರಕಾರ ಒಳದಾರಿಯ ಉಪಯೋಗ ಬೇರೆ. ಅದಕ್ಕೆ ನಮ್ಮೂರಿನ ಕಾಫಿಯ ಕಥೆ ಹೇಳಬೇಕು.

ದಶಕಗಳ ಕಾಲ ಕೊಡಗಿನ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. ತಡವಾಗುತ್ತಿತ್ತು, ಗೊಣಗಾಟ ಇರುತ್ತಿತ್ತು, ಆದರೆ ಮನೆ ಬಾಗಿಲಲ್ಲಿ ನಿಂತು ಚೌಕಾಸಿ ಮಾಡಬೇಕಾಗಿರಲಿಲ್ಲ. 1992ರಿಂದ ಆ ವ್ಯವಸ್ಥೆ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಸ್ವತಂತ್ರನಾದ. ಯಾರಿಗೆ ಬೇಕಾದರೂ ಮಾರಬಹುದು. ಆಗ ನಾನು ಚಿಕ್ಕ ಹುಡುಗ. ನಮ್ಮದು ಸುಂಟಿಕೊಪ್ಪದ ಕಡೆ, ರೊಬಸ್ಟಾ ತೋಟ. ವ್ಯಾಪಾರಿಗಳ ಜೀಪು ಅಂಗಳಕ್ಕೆ ಬರೋದು ಶುರುವಾಗಿದ್ದು ಆಗಲೇ.

ಕಾಫಿ ಕುಡಿಯೋರಿಗೆ ಗೊತ್ತಿರದ ಒಂದು ಲೆಕ್ಕ ಇಲ್ಲಿದೆ. ಹಣ್ಣನ್ನು ಹಾಗೇ ಒಣಗಿಸಿದ್ದನ್ನು ಚೆರಿ ಅಂತಾರೆ. 50 ಕೆಜಿ ಚೆರಿ ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. ಊರಿನ ಬಾಯಲ್ಲಿ ಓಟಿ. ವ್ಯಾಪಾರಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಮಾಡಿ ಓಟಿ ಹೇಳುತ್ತಾನೆ. ಒಂದು ಪಾಯಿಂಟಿಗೆ ಇಷ್ಟು ರೂಪಾಯಿ, ಆ ದರವನ್ನು ಓಟಿಯಿಂದ ಗುಣಿಸಿದರೆ ಚೀಲದ ಬೆಲೆ.

ಈಗ ಅಂಗಳದಲ್ಲಿ 24 ಚೀಲ ಇದೆ, ಓಟಿ 26 ಅಂತ ಇಟ್ಟುಕೊಳ್ಳಿ. ಒಟ್ಟು ಬೀಜ ಎಷ್ಟು? 24 ಮತ್ತು 26, ಎರಡರ ನಡುವೆ 25. ಇಪ್ಪತ್ತೈದರ ವರ್ಗ 625, ಅದರಿಂದ ಒಂದು ಕಳೆ, 624 ಕೆಜಿ. ಮಹಾವೀರನ ದಾರಿಯನ್ನೇ ತಿರುಗಿ ನಡೆದ ಹಾಗೆ. ವ್ಯಾಪಾರಿ ಓಟಿ 25 ಅಂದರೆ? 600 ಕೆಜಿ. ಬಾಯಲ್ಲಿ 'ಒಂದೇ ಪಾಯಿಂಟ್ ತಾನೆ' ಅಂತ ಹಗುರವಾಗಿ ಕೇಳುವ ವ್ಯತ್ಯಾಸ 24 ಕೆಜಿ ಬೀಜ. ಇದು ಆ ಕ್ಷಣದಲ್ಲಿ, ಅಲ್ಲೇ ನಿಂತು ಹೊಳೆಯಬೇಕು. ಚೀಲ ಲಾರಿ ಹತ್ತಿದ ಮೇಲೆ ಹೊಳೆದರೆ ಉಪಯೋಗ ಇಲ್ಲ.

ಇಲ್ಲೇ ನಿಜವಾದ ತೊಡಕು ಇರೋದು. ಹಳ್ಳಿಯಲ್ಲಿ ಎದುರಿಗಿರುವವನ ಲೆಕ್ಕವನ್ನು ಅವನ ಮುಂದೆಯೇ ತಾಳೆ ನೋಡೋದು ಅಂದರೆ ಅನುಮಾನ ಪಟ್ಟ ಹಾಗೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಒಂದು ಮಾತು ಬಂದರೆ ಮುಗೀತು, ಮರ್ಯಾದಸ್ಥರು ಬಾಯಿ ಮುಚ್ಚುತ್ತಾರೆ. ನಗರದಲ್ಲೂ ಹೀಗೇ ಅಲ್ವಾ? ಹೋಟೆಲ್ ಬಿಲ್ಲನ್ನು ಸ್ನೇಹಿತರ ಎದುರು ಪರೀಕ್ಷಿಸೋಕೆ ನಾಚಿಕೆ. ಮ್ಯಾನೇಜರ್ ತೋರಿಸಿದ ಸ್ಲೈಡಿನ ಅಂಕಿಯನ್ನು ಪ್ರಶ್ನೆ ಮಾಡೋಕೆ ಸಂಕೋಚ. ಹಾಗಾದರೆ ತಾಳೆ ನೋಡೋದು ನಂಬಿಕೆಗೆ ಮಾಡುವ ಅವಮಾನವಾ?

ಈ ಪ್ರಶ್ನೆಗೆ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ, ಅಪ್ಪ ಲೆಕ್ಕ ಮಾಡುವ ರೀತಿಯಲ್ಲಿ ಸಿಕ್ಕಿತು. ಕೊಯ್ಲಿನ ಕಾಲದಲ್ಲಿ ಸಂಜೆ ತೂಕ. ಹಣ್ಣು ಕುಯ್ದವರೆಲ್ಲ ಚೀಲ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಕೆಜಿಗೆ ಇಷ್ಟು ಅಂತ ಕೂಲಿ. ಅಪ್ಪನಿಗೆ ಮನಸ್ಸಿನಲ್ಲೇ ಲೆಕ್ಕ ಚೆನ್ನಾಗಿ ಬರುತ್ತದೆ, ಸೀದಾ ಉತ್ತರ ಹೇಳಿ ದುಡ್ಡು ಎಣಿಸಿ ಕೊಡಬಹುದಿತ್ತು. ಅವರು ಹಾಗೆ ಮಾಡುತ್ತಿರಲಿಲ್ಲ. ಜೋರಾಗಿ ಹೇಳುತ್ತಾ ಹೋಗುತ್ತಿದ್ದರು: "ಎಂಬತ್ತಾರು ಕೆಜಿ. ನೂರು ಅಂತ ಇಟ್ಕೊ, ಹದಿನಾಲ್ಕು ಕಮ್ಮಿ. ಕೆಜಿಗೆ ನಾಲ್ಕು ರೂಪಾಯಿ. ನಾನೂರು, ಅದ್ರಲ್ಲಿ ಐವತ್ತಾರು ಹೋಯ್ತು. ಮುನ್ನೂರ ನಲವತ್ನಾಲ್ಕು. ಸರಿಯಾ ನೋಡು ಅಕ್ಕಾ." ಓದು ಬಾರದವರೂ ಅದನ್ನು ಹಿಂಬಾಲಿಸಬಹುದಿತ್ತು. ಒಂದು ಸಂಜೆ ಒಬ್ಬಾಕೆ ನಡುವೆಯೇ ತಡೆದರು, "ಅಣ್ಣಾ, ಬೆಳಿಗ್ಗೆಯ ತೂಕ ಸೇರಿಸಿಲ್ಲ." ಪುಸ್ತಕ ನೋಡಿದರೆ ಹೌದು, ಸೇರಿರಲಿಲ್ಲ. ಅಪ್ಪ ಸೇರಿಸಿ ಮತ್ತೆ ಮೊದಲಿಂದ ಜೋರಾಗಿ ಹೇಳಿದರು. ಯಾರಿಗೂ ಅವಮಾನ ಆಗಲಿಲ್ಲ. ಆಕೆ ಮರುದಿನವೂ ನಮ್ಮ ತೋಟಕ್ಕೇ ಬಂದರು.

ಅದೇ ಅಂಗಳದಲ್ಲಿ ಬೇರೆ ತರಹದ ಲೆಕ್ಕವನ್ನೂ ನಾನು ನೋಡಿದ್ದೇನೆ. ಒಬ್ಬ ವ್ಯಾಪಾರಿ ಕ್ಯಾಲ್ಕುಲೇಟರಿನ ಮೇಲೆ ಬೆರಳು ಆಡಿಸುತ್ತಿದ್ದ ವೇಗಕ್ಕೆ ನಾವು ಮಕ್ಕಳು ಬಾಯಿ ಬಿಟ್ಟು ನಿಲ್ಲುತ್ತಿದ್ದೆವು. ಪಟಪಟ ಅಂತ ಒತ್ತಿ, ಕೊನೆಯ ಅಂಕಿಯನ್ನು ಎದುರಿಗೆ ಹಿಡಿಯುತ್ತಿದ್ದ. ಅವನು ಮೋಸ ಮಾಡಿದ ಅಂತ ನಾನು ಹೇಳುತ್ತಿಲ್ಲ, ಮಾಡಿರಲಿಕ್ಕಿಲ್ಲ. ಆದರೆ ಆ ವೇಗದ ಮುಂದೆ ಯಾರೂ 'ಸ್ವಲ್ಪ ನಿಲ್ಲಿ' ಅನ್ನುತ್ತಿರಲಿಲ್ಲ. ವೇಗ ಅನ್ನೋದು ಎದುರಿಗಿರುವವರ ಬಾಯಿ ಮುಚ್ಚಿಸುವ ಶಕ್ತಿ ಕೂಡ. ಅಪ್ಪನಿಗೂ ಆ ಶಕ್ತಿ ಇತ್ತು. ಕೂಲಿ ಕೊಡುವ ಹೊತ್ತಿನಲ್ಲಿ ಅವರು ಅದನ್ನು ಬಳಸದೆ ಬಿಟ್ಟರು.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು. ಲೆಕ್ಕ ತಪ್ಪಾದರೆ ನಷ್ಟ ಯಾರಿಗೋ, ಅವರಿಗೆ ಲೆಕ್ಕದ ದಾರಿ ಕಾಣಬೇಕು. ದಾರಿ ತೋರಿಸಬೇಕಾದ್ದು ಲೆಕ್ಕ ಮಾಡಿದವನ ಜವಾಬ್ದಾರಿ. ಕೇಳೋದು ಅನುಮಾನ ಅಲ್ಲ. ಕೇಳುವ ಮೊದಲೇ ತೋರಿಸಿದರೆ ಅನುಮಾನದ ಮಾತೇ ಏಳೋದಿಲ್ಲ. ದಾರಿ ಕಂಡ ಮೇಲೂ ಉಳಿಯುವ ನಂಬಿಕೆ ಗಟ್ಟಿ. ಕಾಣದೆ ಇರುವವರೆಗೆ ಮಾತ್ರ ಉಳಿಯುವುದಕ್ಕೆ ನಾವು ನಂಬಿಕೆ ಅಂತ ಹೆಸರಿಟ್ಟಿದ್ದೇವೆ, ಬಹಳ ಸಲ ಅದು ಬರೀ ಸಂಕೋಚ.

ಇದಕ್ಕೆ ಒಂದು ಆಕ್ಷೇಪ ಇದೆ, ಅದನ್ನು ಮುಚ್ಚಿಡಬಾರದು. ಎಲ್ಲವನ್ನೂ ತೆರೆದು ನೋಡುತ್ತಾ ಕೂತರೆ ಬದುಕು ಸಾಗುತ್ತದಾ? ನಾನು ದಿನಾ ಬಳಸುವ ಕೋಡ್ ಲೈಬ್ರರಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತರ ಒಳಗೆ ನಾನು ಇಣುಕಿ ನೋಡಿಲ್ಲ. ಡಾಕ್ಟರು ಬರೆದ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದು ನುಂಗೋದಿಲ್ಲ. ಮಗ್ಗಿಯನ್ನು ನಾವೆಲ್ಲ ಬಾಯಿಪಾಠವೇ ಮಾಡಿದ್ದು. ಹೌದು. ಆದರೆ ಮಗ್ಗಿಯ ಮೇಲೆ ಸಂಶಯ ಬಂದರೆ ಏಳೆಂಟು ಸಾಲು ಕಾಫಿಬೀಜ ಜೋಡಿಸಿ ಎಣಿಸಬಹುದು, ಬಾಗಿಲು ತೆರೆದೇ ಇದೆ. ಎಲ್ಲ ಮನೆಯೊಳಗೂ ಹೋಗಬೇಕು ಅಂತ ನನ್ನ ವಾದ ಅಲ್ಲ. ನಮ್ಮ ಅಕ್ಕಿ, ನಮ್ಮ ಕೂಲಿ, ನಮ್ಮ ಸಾಲ ಇರುವ ಮನೆಯ ಬಾಗಿಲಾದರೂ ತೆರೆಯಲು ಬರಬೇಕು.

ಸಾಲ ಅಂದಾಗ ನೆನಪಾಯ್ತು. 'ಮೂರು ಪರ್ಸೆಂಟ್ ಬಡ್ಡಿ' ಅನ್ನೋ ಮಾತನ್ನು ಹಳ್ಳಿಯಲ್ಲಿ ಕೇಳಿದ್ದೇನೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಬೆಂಗಳೂರಿಗೆ ಬಂದ ಮೇಲೆ ಕ್ರೆಡಿಟ್ ಕಾರ್ಡಿನ ಸಣ್ಣ ಅಕ್ಷರಗಳಲ್ಲೂ ಹೆಚ್ಚುಕಮ್ಮಿ ಅದೇ ದರ ಕಂಡಿತು. ಕಿವಿಗೆ ಸಣ್ಣದು. ಹನ್ನೆರಡು ತಿಂಗಳಿಗೆ ಮೂವತ್ತಾರು ಅಂತ ಬಾಯಿ ಹೇಳುತ್ತದೆ. ಆದರೆ ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ? ಇಲ್ಲಿ ವರ್ಗ ಕೈಹಿಡಿಯುತ್ತದೆ. ನೂರು ಒಂದು ತಿಂಗಳಲ್ಲಿ 103. 103ರ ವರ್ಗ: 100 ಮತ್ತು 106, ಮೇಲೆ 9, ಅಂದರೆ 10609. ಹಾಗಾಗಿ ಎರಡು ತಿಂಗಳಿಗೆ 106 ಚಿಲ್ಲರೆ. ಅದನ್ನು ಮತ್ತೆ ವರ್ಗ ಮಾಡಿದರೆ ನಾಲ್ಕು ತಿಂಗಳಿಗೆ ನೂರ ಹನ್ನೆರಡೂವರೆಗೆ ತುಸು ಹೆಚ್ಚು. ಮತ್ತೊಂದು ವರ್ಗ, ಎಂಟು ತಿಂಗಳಿಗೆ 126 ಮುಕ್ಕಾಲಿನ ಹತ್ತಿರ. ಎಂಟು ಮತ್ತು ನಾಲ್ಕು ತಿಂಗಳನ್ನು ಗುಣಿಸಿದರೆ ವರ್ಷಕ್ಕೆ 142 ರೂಪಾಯಿ 58 ಪೈಸೆ. ಮೂವತ್ತಾರು ಅಂದುಕೊಂಡಿದ್ದು ನಲವತ್ತೆರಡೂವರೆ ದಾಟಿತು. ಇದು ಖುಷಿಯ ಕಡೆಯಿಂದಲೂ ಕೆಲಸ ಮಾಡುತ್ತದೆ. ಎರಡು ವರ್ಷ ಒಂಬತ್ತೊಂಬತ್ತು ಪರ್ಸೆಂಟ್ ಹೈಕ್ ಸಿಕ್ಕರೆ 109ರ ವರ್ಗ, 100 ಮತ್ತು 118, ಮೇಲೆ 81, ಅಂದರೆ 11881. ಹದಿನೆಂಟಲ್ಲ, 18.81. ಎಚ್ಆರ್ ಎದುರು ಕೂತಾಗ ಫೋನ್ ತೆಗೆಯಬೇಕಿಲ್ಲ.

ಫೋನ್ ಇದನ್ನೆಲ್ಲ ಇನ್ನೂ ನಿಖರವಾಗಿ ಹೇಳುತ್ತದೆ, ಒಪ್ಪಿದೆ. ಆದರೆ ಕೇಳಬೇಕು ಅಂತ ಮೊದಲು ಅನ್ನಿಸಬೇಕಲ್ಲ. ಮೂರು ಅನ್ನೋ ಅಂಕಿ ಅಷ್ಟು ಸಣ್ಣದಲ್ಲ ಅನ್ನೋ ಕಿರಿಕಿರಿ ತಲೆಯೊಳಗೆ ಹುಟ್ಟಬೇಕು. ದಾರಿ ನಡೆದು ಗೊತ್ತಿರುವವನಿಗೆ ಮಾತ್ರ 'ಇದೇನೋ ದೂರ ಜಾಸ್ತಿ ಆಯ್ತಲ್ಲ' ಅಂತ ಹೊಳೆಯೋದು. ಇವತ್ತು ನಮಗೆ ಬರುವ ಅಂಕಿಗಳೆಲ್ಲ ಸಿದ್ಧವಾಗಿಯೇ ಬರುತ್ತವೆ, ಇಎಂಐ, ರೇಟಿಂಗು, ಸ್ಕೋರು, ಈಗ ಎಐ ಬರೆದುಕೊಟ್ಟ ವರದಿ. ಅವುಗಳನ್ನು ತಯಾರಿಸುವ ಕೆಲಸದಲ್ಲಿ ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಅಂಗಳದಲ್ಲಿ ಕ್ಯಾಲ್ಕುಲೇಟರ್ ಹಿಡಿದವನ ಜಾಗದಲ್ಲಿ ಈಗ ನಿಂತಿರೋದು ನಾವೇ. ಸಾಲ ತಿರಸ್ಕಾರ ಆದವರಿಗೆ, ಡೆಲಿವರಿ ಹುಡುಗನಿಗೆ ಇವತ್ತಿನ ಸಂಪಾದನೆ ಇಷ್ಟೇ ಯಾಕೆ ಅಂತ ತಿಳಿಯಬೇಕಾದಾಗ, ಪರದೆಯ ಮೇಲೆ ಬರೀ ಕೊನೆಯ ಅಂಕಿ ಕಾಣಬೇಕಾ, ಅಥವಾ 'ನೂರು ಅಂತ ಇಟ್ಕೊ, ಹದಿನಾಲ್ಕು ಕಮ್ಮಿ' ಅನ್ನೋ ಸಾಲೂ ಕಾಣಬೇಕಾ? ಆ ಒಂದು ಸಾಲು ಬರೆಯೋಕೆ ಎಕ್ಸ್‌ಟ್ರಾ ಸ್ಪ್ರಿಂಟ್ ಬೇಕಾಗಬಹುದು. ಕೇಳಿ ನೋಡಿ, ಸಿಗುತ್ತದೆ.

ಸದ್ಯಕ್ಕೆ 67ರ ವರ್ಗ ಎಷ್ಟು ಅಂತ ಮೆಟ್ರೋದಲ್ಲಿ ನಿಂತೇ ಮಾಡಿ ನೋಡಿ. ಮೂರು ಕಳೆಯಿರಿ, ಮೂರು ಕೂಡಿ. ಉತ್ತರ ಬಂದ ಮೇಲೆ ಪಕ್ಕದ ಸೀಟಿನ ಮಗುವಿಗೆ ಉತ್ತರ ಹೇಳಬೇಡಿ, ಒಂದು ಚೌಕ ಬರೆದು ತೋರಿಸಿ.